ಆಷಾಢದಲ್ಲಿ ನೋಡಿದ ಛತ್ರ

ನಮ್ಮ ಮನೆಯ ಮುಂದಿನ ಕೋಣೆಯಲ್ಲಿ ಐದು ವರ್ಷ ಬಾಡಿಗೆಗೆ ಇದ್ದವಳು ಹೋದ ತಿಂಗಳು ಖಾಲಿ ಮಾಡಿಕೊಂಡು ಹೋದಳು. ಸತ್ತಿಲ್ಲ, ಊರು ಬಿಟ್ಟೂ ಹೋಗಿಲ್ಲ. ಇದೇ ಮೈಸೂರಿನಲ್ಲಿ ಇನ್ನೊಂದು ಬೀದಿಗೆ ಹೋಗಿದ್ದಾಳೆ, ಅಷ್ಟೆ. ಆದರೂ ಅವಳ ಬಗ್ಗೆ ನಾನು ಹೇಳಿ, ಮೊಮ್ಮಗಳ ಕೈಯಲ್ಲಿ ನಾಲ್ಕು ಮಾತು ಬರೆಸಿಡಬೇಕು ಅನ್ನಿಸಿದೆ. ನಜರ್‌ಬಾದಿನಲ್ಲಿ ಅವಳ ಸುದ್ದಿ ಎತ್ತಿದರೆ ಸಾಕು, ಎಲ್ಲರೂ ಒಂದೇ ಕಥೆ ಹೇಳುತ್ತಾರೆ: ಒಂದು ಛತ್ರವನ್ನು ಒಂದೇ ಮುಹೂರ್ತಕ್ಕೆ ಎರಡು ಮದುವೆಗೆ ಹಂಚಿದವಳು, ಒಂದು ಹುಡುಗಿಯ ಮದುವೆ ಬೀದಿಗೆ ಬರುವ ಹಾಗೆ ಮಾಡಿದವಳು. ನಡೆದದ್ದು ನಿಜ. ಆದರೆ ಆ ತಪ್ಪಿನಲ್ಲಿ ನನ್ನದೂ ಒಂದು ಪಾಲಿತ್ತು. ಬೀದಿಯವರಿಗೆ ಅದು ಗೊತ್ತಿಲ್ಲ.

ಅವಳ ಹೆಸರು ಬರೆಸುವುದಿಲ್ಲ. ಟಿ. ನರಸೀಪುರದ ಕಡೆಯ ಬೇಸಾಯಗಾರರ ಮನೆಯ ಹುಡುಗಿ. ಹುಡುಗಿ ಅಂದರೂ ಮೂವತ್ತೈದು ದಾಟಿತ್ತು. ಮದುವೆ ಯಾಕೆ ಆಗಲಿಲ್ಲ ಅಂತ ಒಂದು ಸಲ ಕೇಳಿದೆ. ಟೈಮ್ ಸಿಗಲಿಲ್ಲ ಅಂದಳು. ಇನ್ನೊಂದು ಸಲ ನಾನು ಕೇಳಲಿಲ್ಲ. ಮೊದಲು ಒಂದು ಪ್ರಿಂಟಿಂಗ್ ಪ್ರೆಸ್ಸಿನಲ್ಲಿ ಎಂಟು ವರ್ಷ ಲಗ್ನಪತ್ರಿಕೆ ಮಾಡುತ್ತಿದ್ದಳಂತೆ. ಪ್ರೆಸ್ಸಿಗೆ ಬರುವ ಜನ ಕಡಿಮೆಯಾದ ಮೇಲೆ ತಾನೇ ಕಲಿತು ವೆಬ್‌ಸೈಟ್ ಮಾಡುವುದಕ್ಕೆ ಶುರು ಮಾಡಿದಳು. ಅಂಗಡಿಯವರು, ಡಾಕ್ಟರುಗಳು, ಮೆಸ್ಸಿನವರು, ಶಾಮಿಯಾನದವರು, ಯಾರು ಬಂದರೂ ಅವರ ಅಂಗಡಿಯನ್ನು ಜನ ಫೋನಿನಲ್ಲೇ ನೋಡುವ ಹಾಗೆ ಮಾಡಿಕೊಡುವುದು ಅವಳ ಕೆಲಸ. ನನಗೆ ಅರ್ಥವಾದದ್ದು ಇಷ್ಟು.

ಅವಳಿಗೆ ಕೂರುವುದಕ್ಕೆ ಬರುತ್ತಿರಲಿಲ್ಲ. ಬಂದ ದಿನವೇ ನಾನು ಕೊಟ್ಟ ಕುರ್ಚಿ ಬೇಡ ಅಂದಳು. ನನ್ನ ಹಳೆಯ ಹೊಲಿಗೆ ಮಿಷನ್ನಿನ ಮೇಲೆ ಹಲಗೆ, ಹಲಗೆಯ ಮೇಲೆ ಎರಡು ಖಾಲಿ ಅಕ್ಕಿ ಡಬ್ಬ, ಅದರ ಮೇಲೆ ಲ್ಯಾಪ್‌ಟಾಪ್. ಎದೆ ಮಟ್ಟಕ್ಕೆ ಏರಿಸಿಕೊಂಡು ನಿಂತೇ ಕೆಲಸ. ಫೋನ್ ಬಂದರೆ ನಡಿಗೆ ಶುರು. ಗೇಟಿನಿಂದ ಹಿತ್ತಲ ನಲ್ಲಿಯವರೆಗೆ, ನಲ್ಲಿಯಿಂದ ಗೇಟಿನವರೆಗೆ. ಮಾತು ಬಿಸಿಯಾದರೆ ಗೇಟು ದಾಟಿ, ಬರಿಗಾಲಿನಲ್ಲಿ ರಸ್ತೆಯ ತಿರುವಿಗೆ ಹೋಗಿ, ತಾನು ಎಲ್ಲಿದ್ದೇನೆ ಅಂತ ಒಂದು ಸಲ ಸುತ್ತ ನೋಡಿ ವಾಪಸು ಬರುತ್ತಿದ್ದಳು. ಊಟವೂ ತಟ್ಟೆ ಕೈಯಲ್ಲಿ ಹಿಡಿದು ಓಡಾಡಿಕೊಂಡು. ಅನ್ನದ ಅಗುಳು ಎಲ್ಲೆಲ್ಲಿ ಬಿದ್ದಿದೆ ನೋಡಿದರೆ ಆವತ್ತು ಎಲ್ಲೆಲ್ಲಿ ತಿರುಗಿದಳು ಅಂತ ಗೊತ್ತಾಗುತ್ತಿತ್ತು. ಅವಳನ್ನು ನೋಡುತ್ತಾ ಕೂತರೆ ನನ್ನ ಕಾಲು ನೋಯುತ್ತಿತ್ತು.

ಒಳ್ಳೆಯವಳು ಅಂತ ಬರೆಸಿ ಮುಗಿಸುವುದಕ್ಕೆ ಆಗುವುದಿಲ್ಲ. ಹಾಲು ಒಲೆಯ ಮೇಲಿಟ್ಟು ಮರೆಯುವುದು, ಉಕ್ಕಿದ ಮೇಲೆ ನನ್ನನ್ನೇ ಕೂಗುವುದು. ಗಿರಾಕಿ ಯಾರು ಬಂದರೂ ಆಗುವುದಿಲ್ಲ ಅನ್ನುತ್ತಿರಲಿಲ್ಲ, ಎಲ್ಲರಿಗೂ ನಾಳೆ. ಏಳು ಜನಕ್ಕೆ ಒಂದೇ ನಾಳೆ ಕೊಟ್ಟು, ಆ ನಾಳೆ ಬಂದಾಗ ಏಳು ಜನರ ಫೋನನ್ನೂ ಎತ್ತದೆ, ಹಿತ್ತಲಲ್ಲಿ ನಿಂತು ಉಗುರು ಕಚ್ಚುವವಳು. ಬೈಸಿಕೊಂಡ ಮೇಲೆ ಒಂದೇ ಉಸಿರಿನಲ್ಲಿ ಕೆಲಸ ಮುಗಿಸುತ್ತಿದ್ದಳು. ಕೆಲಸ ಮಾತ್ರ ಸುಳ್ಳು ಕೆಲಸವಲ್ಲ.

ಅದಕ್ಕೆ ಅವಳದೇ ಒಂದು ಕ್ರಮ ಇತ್ತು. ಯಾವ ಅಂಗಡಿಯ ಕೆಲಸ ಬಂದರೂ ಮೊದಲು ಎರಡು ದಿನ ಹೋಗಿ ಆ ಅಂಗಡಿಯಲ್ಲೇ ನಿಲ್ಲುವುದು. ಕೈಯಲ್ಲಿ ಒಂದು ಸಣ್ಣ ಪುಸ್ತಕ. ಬಂದ ಜನ ಏನು ಕೇಳಿದರು, ಫೋನಿನಲ್ಲಿ ಏನು ಕೇಳಿದರು, ಅದನ್ನು ಬರೆದುಕೊಳ್ಳುವುದು. ಜನ ಮೊದಲು ಏನು ಕೇಳುತ್ತಾರೋ ಅದೇ ಮೊದಲ ಪುಟದಲ್ಲಿ ಬರಬೇಕು ಅನ್ನುವುದು ಅವಳ ಹಟ. ಗಿರಾಕಿಗಳ ಹಟ ಬೇರೆ. ನಮ್ಮ ಊರಿನ ಅಂಗಡಿಯವರಿಗೆಲ್ಲ ಮೊದಲು ಮನೆದೇವರ ಫೋಟೊ ಬೇಕು, ಆಮೇಲೆ ತೀರಿಕೊಂಡ ಅಪ್ಪನ ಫೋಟೊ, ಆಮೇಲೆ ತಾನು ಶಾಲು ಹೊದಿಸಿಕೊಂಡ ಫೋಟೊ. ಅಂಗಡಿ ಏನು ಮಾರುತ್ತದೆ ಅನ್ನುವುದು ನಾಲ್ಕನೆಯದು. ಒಬ್ಬ ಮೆಸ್ಸಿನವರು ಇದೇ ವಿಷಯಕ್ಕೆ ಜಗಳಕ್ಕೇ ಬಂದರು. ಅವಳು ಪುಸ್ತಕ ತೆಗೆದು ಓದಿದಳು. ಎರಡು ದಿನದಲ್ಲಿ ನಿಮ್ಮ ಅಪ್ಪನನ್ನು ಯಾರೂ ಕೇಳಲಿಲ್ಲ ಸಾರ್, ಎಲ್ಲರೂ ಮುದ್ದೆ ಇದೆಯಾ ಅಂತ ಕೇಳಿದರು ಅಂದಳು. ಅವರು, ಅಪ್ಪನೂ ಅದನ್ನೇ ಕೇಳ್ತಿದ್ದ ಬುಡಮ್ಮ ಅಂದರು. ಮುದ್ದೆ ಮೇಲೆ ಬಂತು, ಅಪ್ಪ ಕೆಳಗೆ ಹೋದರು.

ಗೋಕುಲಂನ ಯೋಗದ ಮೇಷ್ಟರೊಬ್ಬರು ತಾವು ತಲೆಕೆಳಗಾಗಿ ನಿಂತ ಫೋಟೊ ಪುಟದ ತುಂಬ ಬರಬೇಕು ಅಂದಿದ್ದರು. ಅಲ್ಲೂ ಎರಡು ದಿನ ನಿಂತು ಬಂದಳು. ಪರದೇಶದಿಂದ ಬಂದವರು ಮೊದಲು ಕೇಳುತ್ತಿದ್ದದ್ದು ಯೋಗವನ್ನಲ್ಲವಂತೆ, ಬಿಸಿನೀರು ಬರುತ್ತದೆಯೇ ಅಂತ.

ಕೆಲಸ ಮುಗಿದ ಮೇಲೆ ಇನ್ನೊಂದು ಕ್ರಮ. ಅದಕ್ಕೆ ನಾನು ಬೇಕಾಗಿತ್ತು. ನಾನು ಓದಿದ್ದು ನಾಲ್ಕನೇ ತರಗತಿ. ಕನ್ನಡ ಕೂಡಿಸಿ ಕೂಡಿಸಿ ಓದುತ್ತೇನೆ, ಇಂಗ್ಲಿಷಿನಲ್ಲಿ ಅಂಕಿ ಗೊತ್ತು. ಫೋನನ್ನು ನನ್ನ ಕೈಗೆ ಕೊಟ್ಟು, ಅಜ್ಜಿ, ನಿಮಗೆ ಹಲ್ಲು ನೋಯ್ತಿದೆ ಅಂತ ಇಟ್ಕೊಳಿ, ಈಗ ಏನು ಮಾಡ್ತೀರಿ ಅನ್ನುತ್ತಿದ್ದಳು. ಆಮೇಲೆ ಎರಡೂ ಕೈಯನ್ನು ಬೆನ್ನ ಹಿಂದೆ ಕಟ್ಟಿಕೊಳ್ಳುವಳು, ಎಲ್ಲಿ ತಾನೇ ಒತ್ತಿ ತೋರಿಸಿಬಿಡುತ್ತೇನೋ ಅಂತ. ಅವಳು ಒಂದು ಕಡೆ ನಿಲ್ಲುತ್ತಿದ್ದದ್ದು ಆ ಹತ್ತು ನಿಮಿಷ ಮಾತ್ರ. ನನ್ನ ಮುಖ ನೋಡುತ್ತಿರಲಿಲ್ಲ, ಬೆರಳು ನೋಡುತ್ತಿದ್ದಳು. ಬೆರಳು ಎಲ್ಲಿ ತಡವರಿಸಿತೋ ಅಲ್ಲಿ ಪುಸ್ತಕದಲ್ಲಿ ಒಂದು ಗೀಟು.

ಮೊದಮೊದಲು ನನಗೆ ನಾಚಿಕೆ. ಗೊತ್ತಾಗಲಿಲ್ಲ ಕಣಮ್ಮ, ಓದಿಲ್ಲದೋಳು ನಾನು ಅಂದರೆ ಸಿಟ್ಟು ಮಾಡುತ್ತಿದ್ದಳು.

“ನಿಮ್ದೇನೂ ತಪ್ಪಿಲ್ಲ ಅಜ್ಜಿ. ನಿಮ್ಮ ಬೆರಳು ನಿಂತ ಕಡೆ ನನ್ನ ತಪ್ಪಿದೆ. ನೀವು ಸುಮ್ನೆ ಬೈತಾ ಹೋಗಿ.”

ಬೈಯುವುದು ನನಗೆ ಕಷ್ಟದ ಕೆಲಸವಲ್ಲ. ಅಕ್ಷರ ಇರುವೆ ಸಾಲಿನ ಹಾಗಿದೆ ಅಂದೆ, ದೊಡ್ಡದು ಮಾಡಿದಳು. ಸೀರೆ ಅಂಗಡಿಯ ಸೈಟಿನಲ್ಲಿ ಚಿತ್ರ ತಾನಾಗಿ ಓಡುತ್ತಿತ್ತು, ನಾನು ನೋಡುವ ಸೀರೆಯನ್ನು ಯಾರೋ ಎಳೆದುಕೊಂಡು ಹೋದ ಹಾಗಾಗುತ್ತದೆ ಅಂದೆ, ನಿಲ್ಲಿಸಿದಳು. ಮೊದಲ ಮೂರು ವರ್ಷದಲ್ಲಿ ಇಪ್ಪತ್ತಕ್ಕೂ ಹೆಚ್ಚು ಸೈಟು ನನ್ನ ಬೆರಳಿನ ಕೆಳಗೆ ಹೋಗಿದ್ದವು. ಒಂದನ್ನೂ ಚೆನ್ನಾಗಿದೆ ಅಂದವಳಲ್ಲ ನಾನು, ಒಂದನ್ನು ಬಿಟ್ಟು.

ಆ ಒಂದರ ಕಥೆಗೆ ಮುಂಚೆ ಹಲ್ಲಿನ ಡಾಕ್ಟರ ಮಾತು ಹೇಳಬೇಕು. ಅವರು ತಮ್ಮ ಸೈಟು ನೋಡುವುದಕ್ಕೆ ಅಂತ ನಮ್ಮ ಮನೆಗೇ ಬಂದಿದ್ದರು. ಅವಳಿಗೆ ಯಾವುದೋ ಫೋನ್ ಬಂತು, ಗೇಟಿನ ಕಡೆ ನಡೆದಳು. ನಾನು ಆ ಡಾಕ್ಟರಿಗೆ, ನಗುವ ಹಲ್ಲು ಇಷ್ಟು ದೊಡ್ಡದಾಗಿ ಹಾಕಿದ್ದೀರಿ, ನೋವು ಬಂದವನಿಗೆ ಅದನ್ನು ನೋಡಿದರೆ ಹೊಟ್ಟೆ ಉರಿಯುತ್ತದೆ ಅಂದೆ. ಅವರು ನಕ್ಕರು. ನಗಲಿ, ನಗುವ ಮಾತೇ. ಆದರೆ ಆಮೇಲೆ ಜೊತೆಗೆ ಬಂದವರ ಕಡೆ ತಿರುಗಿ, ಈ ಹೆಂಗಸು ನಾಲ್ಕನೇ ಕ್ಲಾಸ್ ಅಜ್ಜಿಯನ್ನ ಕೇಳ್ಕೊಂಡು ನಮ್ಮ ಸೈಟ್ ಮಾಡ್ತಿದಾಳೆ ನೋಡಿ ಅಂತ ಇಂಗ್ಲಿಷಿನಲ್ಲಿ ಹೇಳಿದರು. ಇಂಗ್ಲಿಷ್ ಬರದಿದ್ದರೂ ಅಂಥ ಮಾತು ಅರ್ಥವಾಗುತ್ತದೆ. ಅವಳಿಗೆ ಅದು ಕೇಳಿಸಿರಲಿಲ್ಲ, ನಾನೂ ಹೇಳಲಿಲ್ಲ. ಒಳಗೆ ಮಾತ್ರ ಮುಳ್ಳು ಆಡುತ್ತಿತ್ತು.

ಅದಾದ ವಾರಕ್ಕೆ ಛತ್ರದ ಕೆಲಸ ಬಂತು. ನಮ್ಮ ಬೀದಿಯಿಂದ ಎರಡು ಬೀದಿ ಆಚೆ ಒಂದು ಹಳೆಯ ಕಲ್ಯಾಣ ಮಂಟಪ ಇದೆ. ಜನ ಇವತ್ತಿಗೂ ಛತ್ರ ಅಂತಲೇ ಕರೆಯುವುದು. ಅದರ ಯಜಮಾನರು ಎಂಬತ್ತರ ಹತ್ತಿರದವರು. ಉದ್ದನೆಯ ಪುಸ್ತಕದಲ್ಲಿ ಮದುವೆ ಬರೆದುಕೊಳ್ಳುತ್ತಿದ್ದರು. ಮೊಮ್ಮಕ್ಕಳ ಬಲವಂತಕ್ಕೆ ಸೈಟು ಮಾಡಿಸಲು ಒಪ್ಪಿದ್ದರು. ಜನ ಫೋನಿನಲ್ಲೇ ದಿನ ನೋಡಿ, ಒತ್ತಿ, ಛತ್ರ ಹಿಡಿಯಬೇಕು. ಶ್ರಾವಣ ಹುಟ್ಟುವುದರೊಳಗೆ ಮುಗಿಯಬೇಕು.

ಅವಳು ಎಂದಿನ ಹಾಗೆ ಹೋಗಿ ಎರಡು ದಿನ ನಿಂತಳು. ನಿಂತದ್ದು ಆಷಾಢದಲ್ಲಿ. ಆಷಾಢದಲ್ಲಿ ಛತ್ರಕ್ಕೆ ಮದುವೆಯವರು ಎಲ್ಲಿ ಬರುತ್ತಾರೆ? ಒಂದು ದಿನ ಸೀರೆ ಸೇಲಿನವರು ಕೇಳಿಕೊಂಡು ಬಂದರಂತೆ, ಇನ್ನೊಂದು ದಿನ ಯಾವುದೋ ಸಂಘದ ಮೀಟಿಂಗಿನವರು, ತಿಥಿ ಊಟದವರು. ಎಲ್ಲರೂ ಕೇಳಿದ್ದು ಒಂದೇ: ಇಂಥ ದಿನ ಖಾಲಿ ಇದೆಯಾ? ಅವಳು ಅದನ್ನೇ ಬರೆದುಕೊಂಡು ಬಂದಳು. ಒಂದು ದಿನ ಅಂದರೆ ಒಂದು ಚೌಕ. ಖಾಲಿ ಇದ್ದರೆ ಹಸಿರು, ತುಂಬಿದ್ದರೆ ಕೆಂಪು. ನೋಡುವುದಕ್ಕೆ ಅಚ್ಚುಕಟ್ಟು.

ಆದರೆ ಮದುವೆ ಒಂದು ಚೌಕದಲ್ಲಿ ಹಿಡಿಯುವುದಿಲ್ಲ. ನಮ್ಮ ಕಡೆ ಹಿಂದಿನ ಸಂಜೆ ಆರತಕ್ಷತೆ, ಮಾರನೆಯ ಬೆಳಿಗ್ಗೆ ಧಾರೆ. ಛತ್ರ ಹಿಡಿದವರು ಹಿಂದಿನ ಮಧ್ಯಾಹ್ನವೇ ಬಂದು ಇಳಿಯುತ್ತಾರೆ. ಅದಕ್ಕೇ ಯಜಮಾನರು ಫೋನಿನಲ್ಲಿ ಯಾರಿಗೇ ಆಗಲಿ ಮೊದಲು ಕೇಳುತ್ತಿದ್ದದ್ದು, ಮುಹೂರ್ತ ಎಂದು, ಅಂತ. ಆ ಒಂದು ಪ್ರಶ್ನೆ ಆಷಾಢದ ಎರಡು ದಿನದಲ್ಲಿ ಅವಳ ಕಿವಿಗೆ ಬೀಳಲಿಲ್ಲ. ಎಂಟು ವರ್ಷ ಲಗ್ನಪತ್ರಿಕೆಯಲ್ಲಿ ಎರಡೆರಡು ತಾರೀಕು ಹಾಕಿದ ಕೈ ಅದು. ಆ ಕೈಗೆ ನೆನಪಾಗಲಿಲ್ಲ, ಯಾಕೆಂದರೆ ಅವಳು ನಂಬುತ್ತಿದ್ದದ್ದು ಸಣ್ಣ ಪುಸ್ತಕವನ್ನು.

ಮುಗಿದ ಮೇಲೆ ನನ್ನ ಕೈಗೆ ಫೋನ್ ಬಂತು. ನಿಮ್ಮ ಮೊಮ್ಮಗಳ ಮದುವೆ, ಭಾನುವಾರ ಮುಹೂರ್ತ, ಛತ್ರ ಹಿಡೀರಿ ಅಜ್ಜಿ ಅಂದಳು. ಅನ್ನುವಷ್ಟರಲ್ಲಿ ಅವಳ ಇನ್ನೊಂದು ಫೋನ್ ಬಡಿದುಕೊಂಡಿತು. ಕಿವಿಗಿಟ್ಟುಕೊಂಡು ಗೇಟಿನ ಕಡೆ ಹೊರಟೇಬಿಟ್ಟಳು. ನಾನು ತಿಂಗಳು ಒತ್ತಿದೆ. ಚೌಕಗಳು ಬಂದವು. ನನ್ನ ಬೆರಳು ನಿಂತಿತು. ಶನಿವಾರ ಒತ್ತಬೇಕೋ, ಭಾನುವಾರ ಒತ್ತಬೇಕೋ? ಇಳಿಯುವುದು ಶನಿವಾರ, ಧಾರೆ ಭಾನುವಾರ. ಮೂರು ಹೆಣ್ಣುಮಕ್ಕಳ ಮದುವೆ ಮಾಡಿದವಳು ನಾನು, ಇದು ನನಗೆ ಹೊಳೆಯದೆ ಇರುತ್ತದೆಯೇ? ಹೊಳೆಯಿತು. ಹೇಳಬೇಕು ಅಂತ ತಲೆ ಎತ್ತಿದೆ. ಅವಳು ಗೇಟಿನ ಹತ್ತಿರ ಯಾರಿಗೋ ನಾಳೆ ಖಂಡಿತ ಅನ್ನುತ್ತಿದ್ದಳು. ಡಾಕ್ಟರ ನಗು ನೆನಪಾಯಿತು. ಓದಿದವರು ಮಾಡಿದ್ದು, ಅವರಿಗೆ ಗೊತ್ತಿಲ್ಲದ್ದು ನನಗೇನು ಗೊತ್ತು, ಮತ್ತೆ ಯಾಕೆ ನಗಿಸಿಕೊಳ್ಳಲಿ ಅಂದುಕೊಂಡೆ. ಭಾನುವಾರ ಒತ್ತಿ, ಫೋನನ್ನು ಹಲಗೆಯ ಮೇಲಿಟ್ಟೆ.

ಹೆಂಗಿದೆ ಅಜ್ಜಿ ಅಂತ ದೂರದಿಂದಲೇ ಕೇಳಿದಳು.

ಚೆನ್ನಾಗೈತೆ ಅಂದೆ.

ಅವಳು ಖುಷಿಯಿಂದ ಹೆಬ್ಬೆರಳು ಎತ್ತಿ ತೋರಿಸಿದಳು. ನಾನು ಚೆನ್ನಾಗೈತೆ ಅಂದಾಗಲೇ ಅವಳಿಗೆ ಅನುಮಾನ ಬರಬೇಕಿತ್ತು.

ಶ್ರಾವಣ ಬಂತು, ಜನ ಒತ್ತತೊಡಗಿದರು. ಹೆಚ್ಚು ಜನ ಒತ್ತಿದ ಮೇಲೂ ಒಂದು ಫೋನ್ ಮಾಡುತ್ತಿದ್ದರು, ಯಜಮಾನರು ಕೇಳಿ ಸರಿಮಾಡುತ್ತಿದ್ದರು. ಫೋನ್ ಮಾಡದೆ ಇದ್ದವರು ಇಬ್ಬರೇ. ಬನ್ನಿಮಂಟಪದ ಒಂದು ಹುಡುಗಿ, ಲ್ಯಾಬೊಂದರಲ್ಲಿ ಕೆಲಸ ಮಾಡುವವಳು, ತನ್ನ ಮದುವೆಗೆ ತಾನೇ ಛತ್ರ ಹಿಡಿದಳು. ಕಾರ್ತಿಕದ ಒಂದು ಶನಿವಾರ ಒತ್ತಿದಳು, ಛತ್ರಕ್ಕೆ ಇಳಿಯುವುದು ಶನಿವಾರವಲ್ಲವೇ ಅಂತ. ಗೋಕುಲಂನ ಒಂದು ಮನೆಯವರು ಅದರ ಮಾರನೆಯ ಭಾನುವಾರ ಒತ್ತಿದರು, ಮುಹೂರ್ತ ಭಾನುವಾರವಲ್ಲವೇ ಅಂತ. ಇಬ್ಬರ ಧಾರೆಯೂ ಒಂದೇ ಬೆಳಿಗ್ಗೆ. ಎರಡು ಚೌಕವೂ ಕೆಂಪಾದವು. ಶನಿವಾರ ಬೆಳಿಗ್ಗೆ ಒಂದು ಧಾರೆ, ಭಾನುವಾರ ಬೆಳಿಗ್ಗೆ ಇನ್ನೊಂದು ಅಂತ ಯಜಮಾನರು ಅಂದುಕೊಂಡರು. ಎರಡು ಮನೆಗೂ ಛತ್ರ ನಿಮ್ಮದು ಅಂತ ಮೆಸೇಜ್ ಹೋಯಿತು.

ಸಿಕ್ಕಿಬಿದ್ದದ್ದು ಮದುವೆಗೆ ಹನ್ನೆರಡು ದಿನ ಇರುವಾಗ, ಅಡುಗೆಯವರಿಂದ. ಮದುವೆಯ ಅಡುಗೆ ಒಪ್ಪಿಕೊಂಡವರು ಮೊದಲೇ ಬಂದು ಒಲೆ, ಪಾತ್ರೆ, ನೀರು ನೋಡಿಕೊಂಡು ಹೋಗುತ್ತಾರಲ್ಲ, ಹಾಗೆ ಇಬ್ಬರೂ ಒಂದೇ ದಿನ ಬಂದರು. ಪರಿಚಯದವರೇ. ಕೊಪ್ಪರಿಗೆ ಬಗ್ಗಿ ನೋಡಿಕೊಂಡು, ಎಲೆ ಎಲ್ಲಿಂದ ತರಿಸುತ್ತೀರಿ, ಹೋಳಿಗೆಗೆ ಎಷ್ಟು ಜನ ಅಂತ ಸಮಾಧಾನವಾಗಿ ಮಾತಾಡುತ್ತಿದ್ದರಂತೆ. ಶನಿವಾರ ನಾಲ್ಕು ಗಂಟೆಗೆ ನಾನು ಒಲೆ ಹಚ್ಚಬೇಕು ಅಂದ ಒಬ್ಬ. ಯಾವ ಶನಿವಾರ ಅಂದ ಇನ್ನೊಬ್ಬ. ಅಲ್ಲಿಗೆ ಸಮಾಧಾನ ಮುಗಿಯಿತು.

ಯಜಮಾನರು ಪುಸ್ತಕ ತೆಗೆದು ನ್ಯಾಯ ಹೇಳಿದರು. ಈ ಛತ್ರದಲ್ಲಿ ದಿನ ಅಂದರೆ ಮುಹೂರ್ತದ ದಿನ, ಅರವತ್ತು ವರ್ಷದಿಂದ ಹಾಗೇ ಇದೆ, ಗೋಕುಲಂನವರದು ಸರಿ, ಬನ್ನಿಮಂಟಪದ ಹುಡುಗಿ ಒತ್ತಿದ್ದು ತಪ್ಪು. ಹೀಗೆ ಎಲ್ಲ ಹೋಗಿ ಆ ಹುಡುಗಿಯ ತಲೆಯ ಮೇಲೆ ಕೂತಿತು. ಕಾರ್ಡು ಹಂಚಿ ಆಗಿತ್ತು. ಕಾರ್ತಿಕದ ಒಳ್ಳೆಯ ಮುಹೂರ್ತ, ಮೈಸೂರಿನಲ್ಲಿ ಒಂದು ಛತ್ರವೂ ಖಾಲಿ ಇರಲಿಲ್ಲ.

ನಮ್ಮವಳು ಸುದ್ದಿ ಕೇಳಿದ ತಕ್ಷಣ ಸ್ಕೂಟರ್ ತೆಗೆದಳು. ನಾನೂ ಬರುತ್ತೇನೆ ಅಂದೆ. ಮದುವೆ ಮನೆಗೆ ಹೋಗುವಾಗ ವಯಸ್ಸಾದವರು ಜೊತೆಗಿದ್ದರೆ ಬೈಗುಳ ಸ್ವಲ್ಪ ಕಡಿಮೆಯಾಗುತ್ತದೆ ಅಂತ ನೆಪ ಹೇಳಿದೆ. ನಿಜವಾದ ಕಾರಣ ಹೊಟ್ಟೆಯಲ್ಲೇ ಇತ್ತು. ದಾರಿಯಲ್ಲಿ ಸಿಗ್ನಲ್ಲಿಗೆ ನಿಂತಾಗಲೂ ಅವಳ ಕಾಲು ನೆಲದ ಮೇಲೆ ಕುಣಿಯುತ್ತಿತ್ತು.

ಬನ್ನಿಮಂಟಪದ ಆ ಮನೆಯಲ್ಲಿ ಹುಡುಗಿಯ ಅಪ್ಪ, ಗ್ಯಾರೇಜ್ ಇಟ್ಟುಕೊಂಡವರು, ತಲೆ ಹಿಡಿದುಕೊಂಡು ಕೂತಿದ್ದರು. ಹುಡುಗಿ ಬಾಗಿಲಿಗೆ ಒರಗಿ ನಿಂತಿದ್ದಳು, ಅತ್ತು ಅತ್ತು ಮುಖ ಊದಿತ್ತು. ಮಾತೆಲ್ಲ ಅವಳ ಸೋದರತ್ತೆಯದು. ಗಂಡಿನವರು ನಂಜನಗೂಡಿನಿಂದ ಫೋನ್ ಮಾಡಿ, ಛತ್ರವನ್ನೇ ಸರಿಯಾಗಿ ಹಿಡಿಯಲಾರದವಳು ನಮ್ಮ ಮನೆ ಏನು ಹಿಡಿಯುತ್ತಾಳೆ ಅಂದಿದ್ದರಂತೆ. ಅದನ್ನು ಅತ್ತೆ ನಮಗೆ ಮೂರು ಸಲ ಹೇಳಿದರು, ಹುಡುಗಿಗೆ ಎಷ್ಟು ಸಲ ಹೇಳಿದ್ದರೋ.

ನಮ್ಮವಳು ನಿಂತಲ್ಲೇ ನಿಂತು, ತಪ್ಪು ನಂದು, ಸೈಟ್ ಮಾಡಿದ್ದು ನಾನು, ಯಾವ ದಿನ ಅಂತ ಅದು ಕೇಳಬೇಕಿತ್ತು, ಕೇಳಲಿಲ್ಲ ಅಂದಳು.

“ನೀವು ಮಾಡಿದ್ರಿ, ಆದ್ರೆ ಒತ್ತಿದ್ದು ಯಾರು? ಇವ್ಳೇ ತಾನೆ?” ಅಂದರು ಅತ್ತೆ. “ದೊಡ್ಡೋರ್ನ ಒಂದು ಮಾತು ಕೇಳಿದ್ರೆ ಹೇಳ್ತಿರ್ಲಿಲ್ವಾ? ಫೋನ್ ಕೈಗೆ ಕೊಟ್ಟಿದ್ದೇ ತಪ್ಪಾಯ್ತು ಬುಡಿ.”

ನನಗೆ ಇನ್ನು ಸುಮ್ಮನೆ ಕೂರಲಾಗಲಿಲ್ಲ.

“ದೊಡ್ಡೋಳು ನಾನು ಇದೀನಲ್ಲ ಕಣಮ್ಮ, ನನ್ನೇ ಕೇಳಿದ್ರು” ಅಂದೆ. “ಮೊದ್ಲು ನನ್ನ ಕೈಗೇ ಕೊಟ್ಟಿದ್ರು. ಮೂರು ಮದುವೆ ಮಾಡಿದೀನಿ, ನಂಗೇ ಶನಿವಾರ ಒತ್ಬೇಕೋ ಭಾನುವಾರ ಒತ್ಬೇಕೋ ತಿಳೀಲಿಲ್ಲ. ಬೆರಳು ನಿಂತ್ಬುಡ್ತು. ಹೇಳ್ದೆ ಬಾಯಿ ಮುಚ್ಕೊಂಡಿದ್ದೋಳು ನಾನು. ಮಗೀನ ಯಾಕ್ ಅಂತೀರಿ? ಅನ್ನೋದಾದ್ರೆ ನಂಗೆ ಅನ್ನಿ.”

ಹುಡುಗಿ ತಲೆ ಎತ್ತಿ ನನ್ನನ್ನು ನೋಡಿದಳು. ಅವಳ ಅಪ್ಪ ಎದ್ದು ಹೋಗಿ ಮಗಳ ಪಕ್ಕದಲ್ಲಿ ನಿಂತು, ನಂಜನಗೂಡಿನವರ ಹತ್ತಿರ ನಾನು ಮಾತಾಡುತ್ತೇನೆ, ಇವಳಿಗೆ ಇನ್ನು ಯಾರೂ ಏನೂ ಅನ್ನಬೇಡಿ ಅಂದರು. ನಮ್ಮವಳು ಮಾತ್ರ ಹುಡುಗಿಯ ಕಡೆ ನೋಡುತ್ತಿರಲಿಲ್ಲ, ನನ್ನ ಕಡೆ ನೋಡುತ್ತಿದ್ದಳು.

ಹೊರಗೆ ಸ್ಕೂಟರಿನ ಹತ್ತಿರ ಬಂದ ಮೇಲೆ, ಅವತ್ತು ನಿಂತಿತ್ತಾ ಅಂತ ಕೇಳಿದಳು. ನಿಂತಿತ್ತು ಅಂದೆ. ಸ್ಕೂಟರ್ ಸ್ಟಾರ್ಟ್ ಮಾಡಿದಳು. ಹತ್ತಿ ಅಂದಳು, ಹತ್ತಿದೆ.

ಆಮೇಲಿನ ನಾಲ್ಕು ದಿನ ಅವಳು ಮನುಷ್ಯರ ಹಾಗಿರಲಿಲ್ಲ. ಬೆಳಿಗ್ಗೆ ಒಂದು ಸಲ, ಸಂಜೆ ಒಂದು ಸಲ ಊರಿನ ಎಲ್ಲ ಛತ್ರಕ್ಕೂ ಫೋನ್. ಇಲ್ಲ ಅಂದವರಿಗೇ ಮತ್ತೆ. ಇಷ್ಟು ಸಲ ಮಾಡಬೇಡಮ್ಮ ಅಂತ ಗದರಿದವರಿಗೂ ಮತ್ತೆ. ಫೋನ್ ಎತ್ತದವರ ಬಾಗಿಲಿಗೆ ಸ್ಕೂಟರಿನಲ್ಲಿ ಹೋಗುವುದು. ಹಿಂದೆ ನಾನು. ನನ್ನ ಸೊಂಟ ಬಿದ್ದುಹೋಗಿತ್ತು, ಆದರೆ ಇಳಿಸು ಅನ್ನುವ ಮುಖ ನನಗೆ ಇರಲಿಲ್ಲ. ಒಂದು ಕಡೆ ಮ್ಯಾನೇಜರು ನಕ್ಕು, ಕಾರ್ತಿಕದ ಭಾನುವಾರ ಹತ್ತು ದಿನ ಮುಂಚೆ ಕೇಳ್ತೀರಲ್ಲ, ನೀವು ಈ ಊರಿನೋರೇನಾ ಅಂದರು. ಅವಳು, ಹೌದು, ಅದಕ್ಕೇ ನಾಚಿಕೆ ಆಗ್ತಿದೆ ಅಂದಳು.

ನಾಲ್ಕನೆಯ ಸಂಜೆ, ಎಂಟನೆಯ ಸಲವೋ ಏನೋ ಫೋನ್ ಮಾಡಿದ ಒಂದು ಛತ್ರದವರು, ತಡೀರಿ ಅಂದರು. ಅಲ್ಲಿ ಆ ಭಾನುವಾರ ಮದುವೆ ಇದ್ದ ಮನೆಯಲ್ಲಿ ಗಂಡಿನ ಅಜ್ಜ ಆ ಬೆಳಿಗ್ಗೆ ತೀರಿಕೊಂಡಿದ್ದರು. ಸೂತಕ ಬಂದು ಮದುವೆ ಮುಂದಕ್ಕೆ ಹೋಗಿತ್ತು. ಅರ್ಧ ಗಂಟೆಯಲ್ಲಿ ಬಂದು ಮಾತಾಡಿದರೆ ನಿಮಗೆ ಅಂದರು. ಅರ್ಧ ಗಂಟೆಯೊಳಗೆ ಹುಡುಗಿಯ ಅಪ್ಪನನ್ನು ಕರೆದುಕೊಂಡು ಹೋಗಿ ಮುಟ್ಟಿಸಿದಳು. ಒಬ್ಬರ ಮನೆಯ ಸಾವಿನಿಂದ ಇನ್ನೊಬ್ಬರಿಗೆ ಛತ್ರ ಸಿಕ್ಕಿತು. ದೇವರು ದಾರಿ ತೋರಿಸಿದ ಅಂದರು ಅತ್ತೆ. ಆ ದೇವರು ಆ ಇನ್ನೊಂದು ಮನೆಗೆ ಏನು ತೋರಿಸಿದ ಅಂತ ನಾನು ಕೇಳಲಿಲ್ಲ.

ಛತ್ರ ಸಿಕ್ಕಿತು, ಕಾರ್ಡಿನಲ್ಲಿ ಹಳೆಯ ಛತ್ರದ ಹೆಸರೇ ಇತ್ತು. ಗೊತ್ತಿದ್ದವರಿಗೆಲ್ಲ ಫೋನ್ ಹೋಯಿತು. ಹಳ್ಳಿಗಳಿಂದ ಬರುವವರಿಗೆ ಮುಟ್ಟಿತೋ ಇಲ್ಲವೋ. ಶನಿವಾರ ನಾಲ್ಕು ಗಂಟೆಗೆ ಅವಳು ಹೋಗಿ ನಜರ್‌ಬಾದಿನ ಛತ್ರದ ಗೇಟಿನಲ್ಲಿ ನಿಂತಳು. ಒಳಗೆ ಗೋಕುಲಂನವರ ಓಲಗ. ಹೊರಗೆ ಇವಳು, ಕೈಯಲ್ಲಿ ಒಂದು ರಟ್ಟು, ಅದರ ಮೇಲೆ ಹೊಸ ಛತ್ರದ ಹೆಸರು, ದಾರಿ. ನಾನೂ ಹೋಗಿದ್ದೆ, ಛತ್ರದವರು ನನಗೆ ಕುರ್ಚಿ ಹಾಕಿಕೊಟ್ಟಿದ್ದರು. ಮೇಳಾಪುರದ ಕಡೆಯಿಂದ ಒಂದು ಟೆಂಪೊ ತುಂಬ ಜನ ಬಂದು ಇಳಿದೇಬಿಟ್ಟರು. ಅವರಲ್ಲೊಬ್ಬ ಮುದುಕ ರಟ್ಟನ್ನೂ ಕಾರ್ಡನ್ನೂ ಒಂದರ ಪಕ್ಕ ಒಂದು ಹಿಡಿದು ನೋಡಿ, ಛತ್ರ ಬದ್ಲಾಯ್ತು, ಗಂಡಾದ್ರೂ ಅವ್ನೇನಾ ತಾಯಿ, ಇಲ್ಲ ಅದೂ ಬದ್ಲಾಗೈತಾ ಅಂದ. ಟೆಂಪೊ ಪೂರ್ತಿ ನಕ್ಕಿತು. ಅವನೇ ತಾತ, ಹತ್ತಿ ಅಂದಳು ಅವಳು, ನಗದೆ. ಆರತಕ್ಷತೆಗೆ ಬರುವ ಜನ ನಿಲ್ಲುವವರೆಗೂ ಅಲ್ಲೇ ಇದ್ದಳು. ಮಾರನೆಯ ಬೆಳಿಗ್ಗೆ ಧಾರೆಗೆ ಬರುವವರಿಗಾಗಿ ಮತ್ತೆ ಹೋಗಿ ನಿಂತಳು. ಹುಡುಗಿಯ ಮದುವೆ ಮುಹೂರ್ತಕ್ಕೆ ಸರಿಯಾಗಿ ಆಯಿತು. ನಾವಿಬ್ಬರೂ ಆ ಮದುವೆ ನೋಡಲಿಲ್ಲ.

ಸೈಟನ್ನು ಅವಳು ಅದೇ ವಾರ ಸರಿಮಾಡಿದಳು. ಈಗ ಅದರಲ್ಲಿ ಚೌಕಗಳು ಬರುವ ಮುಂಚೆ ದೊಡ್ಡ ಅಕ್ಷರದಲ್ಲಿ ಯಜಮಾನರ ಮಾತೇ ಬರುತ್ತದೆ, ಮುಹೂರ್ತ ಎಂದು, ಅಂತ. ಅದನ್ನು ಮತ್ತೆ ನನ್ನ ಕೈಗೇ ಕೊಟ್ಟು ನೋಡಿದಳು. ಬೈಯಲಿಲ್ಲ, ಒಂದು ಮಾತು ಅನ್ನಲಿಲ್ಲ. ಬೈದಿದ್ದರೆ ನನಗೆ ಹಗುರವಾಗುತ್ತಿತ್ತು.

ಆದರೆ ನಾನು ಮೊದಲಿನ ಹಾಗೆ ಉಳಿಯಲಿಲ್ಲ. ಮುಂದಿನ ಸೈಟು, ಊದಿನಕಡ್ಡಿಯವರದು, ಕೊಟ್ಟಾಗ ಪ್ರತಿ ಸಾಲಿಗೂ ಬೆರಳು ನಿಲ್ಲಿಸಿದೆ. ಇದು ಸರಿಯಾ, ಅದು ಯಾಕೆ, ಇದನ್ನು ಒತ್ತಿದರೆ ಯಾರಿಗಾದರೂ ತೊಂದರೆ ಆಗುತ್ತದಾ ಅಂತ ಕೇಳುತ್ತಾ ಹೋದೆ. ಊದಿನಕಡ್ಡಿಯಲ್ಲಿ ಯಾರಿಗೆ ಏನು ತೊಂದರೆ! ಅದರ ಮುಂದಿನದೂ ಹಾಗೇ. ಮೂರನೆಯದಕ್ಕೆ ಅವಳು ಬೆನ್ನ ಹಿಂದಿನ ಕೈ ಬಿಚ್ಚಿ, ಫೋನನ್ನು ಮೆಲ್ಲಗೆ ನನ್ನ ಕೈಯಿಂದ ತೆಗೆದುಕೊಂಡಳು.

“ನೀವು ಈಗ ಹೆದರ್ಕೊಂಡು ಒತ್ತುತ್ತೀರಿ ಅಜ್ಜಿ. ಹೆದರಿರೋ ಬೆರಳು ಎಲ್ಲಾ ಕಡೆನೂ ನಿಲ್ಲುತ್ತೆ. ಅದ್ರಿಂದ ನಂಗೇನೂ ಗೊತ್ತಾಗಲ್ಲ.”

ಸಿಟ್ಟಿನಿಂದ ಹೇಳಲಿಲ್ಲ. ಮಿಷನ್ನಿನ ಸೂಜಿ ಮೊಂಡಾಗಿದೆ ಅನ್ನುವ ಹಾಗೆ ಹೇಳಿದಳು. ಆಮೇಲೆ ನನ್ನ ಕೈಗೆ ಫೋನ್ ಬರಲಿಲ್ಲ. ಬೆಳಿಗ್ಗೆ ಕಾಫಿ, ಸಂಜೆ ನಾಲ್ಕು ಮಾತು, ಎಲ್ಲ ಇತ್ತು. ಅದೊಂದು ಇರಲಿಲ್ಲ. ಯಾರ ಬೆರಳು ಹುಡುಕಿಕೊಂಡಳೋ ನಾನು ಕೇಳಲಿಲ್ಲ. ಅವಳ ಗಿರಾಕಿಗಳಲ್ಲಿ ಅರ್ಧ ಜನ ಆ ಮದುವೆಯ ಕಥೆ ಕೇಳಿ ಬಿಟ್ಟುಹೋದರು, ಅರ್ಧ ಜನ ಗೇಟಿನಲ್ಲಿ ರಟ್ಟು ಹಿಡಿದು ನಿಂತ ಕಥೆ ಕೇಳಿ ಉಳಿದರು.

ಎರಡು ವರ್ಷ ಹೀಗೇ ಕಳೆಯಿತು. ಹೋದ ತಿಂಗಳು, ಕೋಣೆ ಸಾಲುವುದಿಲ್ಲ, ಕೆಲಸಕ್ಕೆ ಇನ್ನೊಬ್ಬಳನ್ನು ಇಟ್ಟುಕೊಳ್ಳುತ್ತೇನೆ, ದೊಡ್ಡ ಜಾಗ ಸಿಕ್ಕಿದೆ ಅಂತ ಹೇಳಿದಳು. ಸಾಮಾನು ಹೆಚ್ಚೇನಿರಲಿಲ್ಲ, ಒಂದು ಗೂಡ್ಸ್ ಆಟೊದಲ್ಲಿ ಮುಗಿಯಿತು. ಅವಳು ಒಳಗೆ ಹೋಗುವುದು, ಹೊರಗೆ ಬರುವುದು, ಹಗ್ಗ ಎಳೆದು ನೋಡುವುದು, ಮತ್ತೆ ಒಳಗೆ ಹೋಗುವುದು. ಡ್ರೈವರು ಹಾರನ್ ಒತ್ತುತ್ತಿದ್ದ. ಈಗ ಕೇಳದಿದ್ದರೆ ಇನ್ನು ಕೇಳುವುದಿಲ್ಲ ಅನ್ನಿಸಿತು.

“ಅವತ್ತು ನಾನು ಹೇಳಿದ್ರೆ ನೀನು ಕೇಳ್ತಿದ್ಯೇನೆ?” ಅಂದೆ.

ಯಾವತ್ತು ಅಂತ ಅವಳು ಕೇಳಲಿಲ್ಲ. ಹಗ್ಗ ಕೈಯಲ್ಲೇ ಇತ್ತು.

“ಇಲ್ಲ ಅಜ್ಜಿ. ಕೇಳ್ತಿರ್ಲಿಲ್ಲ. ಫೋನಲ್ಲಿದ್ದೆ, ತಲೇಲಿ ಇನ್ನೈದು ಜನ ಇದ್ರು. ಹೂಂ ಅಂದ್ಬುಟ್ಟು ಹಂಗೇ ಹಾಕ್ಬುಡ್ತಿದ್ದೆ.”

ಸಮಾಧಾನ ಹೇಳಲು ಸುಳ್ಳು ಹೇಳುವವಳಲ್ಲ ಅವಳು. ಎದೆಯ ಮೇಲಿನ ಭಾರ ಒಂದಿಷ್ಟು ಇಳಿದ ಹಾಗಾಯಿತು. ಅವಳು ಹಗ್ಗ ಬಿಗಿದು, ಡ್ರೈವರಿನ ಪಕ್ಕ ಹತ್ತಿ ಕೂತಳು. ಕೂತವಳು ತಲೆ ಹೊರಗೆ ಹಾಕಿದಳು.

“ಆದ್ರೂ ನೀವು ಹೇಳ್ಬೇಕಿತ್ತು” ಅಂದಳು.

ಹೂಂ ಕಣಮ್ಮ, ಹೇಳಬೇಕಿತ್ತು ಅಂದೆ. ಆಟೊ ಹೊರಟಿತು.